ಡೀಸೆಲ್ ಟ್ಯಾಂಕಿನ ಉಸಿರು

ಟ್ಯಾಂಕಿನಿಂದ ಒಂದು ಲೀಟರ್ ಡೀಸೆಲ್ ಎಂಜಿನ್ನಿಗೆ ಹೋದರೆ ಖಾಲಿಯಾದ ಜಾಗಕ್ಕೆ ಒಂದು ಲೀಟರ್ ಗಾಳಿ ಬರಲೇಬೇಕು. ಬಾರದಿದ್ದರೆ ಒಳಗೆ ನಿರ್ವಾತ ಹುಟ್ಟುತ್ತದೆ, ಪಂಪಿಗೆ ಎಣ್ಣೆ ಎಳೆಯಲು ಆಗುವುದಿಲ್ಲ, ಗಾಡಿ ಏರಿನಲ್ಲಿ ಸೋತು ನಿಲ್ಲುತ್ತದೆ. ಇದನ್ನು ತಪ್ಪಿಸಲೆಂದೇ ಪ್ರತಿ ಟ್ಯಾಂಕಿಗೂ ಒಂದು ಬ್ರೀದರ್ ಪೈಪು ಇರುತ್ತದೆ. ಬೆರಳು ಗಾತ್ರದ ಈ ರಬ್ಬರ್ ನಳಿಗೆ ಟ್ಯಾಂಕಿನ ನೆತ್ತಿಯಿಂದ ಹೊರಟು ಚಾಸಿಯ ಸಂದಿಯಲ್ಲೋ ಎಣ್ಣೆ ಹಾಕುವ ಕೊರಳಿನ ಪಕ್ಕದಲ್ಲೋ ಬಾಯಿ ತೆರೆದುಕೊಂಡಿರುತ್ತದೆ. ಎಂಜಿನ್ ಉಸಿರಾಡುವ ಗಾಳಿಯನ್ನು ಸೋಸಲು ಬಾನೆಟ್ಟಿನ ಕೆಳಗೆ ದೊಡ್ಡ ಏರ್ ಫಿಲ್ಟರ್ ಇದೆ. ಅದೇ ಎಂಜಿನ್ನಿಗೆ ಎಣ್ಣೆ ಕೊಡುವ ಟ್ಯಾಂಕು ಉಸಿರಾಡುವ ಗಾಳಿಗೆ ಹೆಚ್ಚಿನ ಪಿಕಪ್‌ಗಳಲ್ಲಿ ಹೆಸರಿಗೆ ತಕ್ಕ ಸೋಸುಕವೇ ಇಲ್ಲ. ಗಣಿ, ಕ್ವಾರಿ, ಕಬ್ಬಿನ ಗದ್ದೆ, ಮಳೆಗಾಲದ ಹಳ್ಳಗಳಲ್ಲಿ ದುಡಿಯುವ ಗಾಡಿಗಳಿಗೆ ಇದು ಎಷ್ಟರ ಮಟ್ಟಿಗೆ ಅಪಾಯ, ಅದನ್ನು ತಡೆಯುವ ದಾರಿಗಳು ಯಾವುವು, ಆ ದಾರಿಗಳೇ ತರಬಹುದಾದ ಹೊಸ ತೊಂದರೆ ಏನು ಎಂಬುದನ್ನು ಲೆಕ್ಕ ಹಾಕಿ ನೋಡುವ ಪ್ರಯತ್ನ ಈ ಲೇಖನದ್ದು. ಪೈಪಿನ ಬಾಯಿ ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ, ಅದಕ್ಕೆ ಫಿಲ್ಟರ್ ಬೇಕೇ ಎಂಬುದು ಆಮೇಲಿನದು ಎನ್ನುವುದು ನನ್ನ ವಾದ.

ಪೆಟ್ರೋಲ್ ಕಾರಿನ ಟ್ಯಾಂಕು ಹೀಗೆ ಬಯಲಿಗೆ ಬಾಯಿ ತೆರೆದಿರುವುದಿಲ್ಲ. ಪೆಟ್ರೋಲ್ ಸುಲಭವಾಗಿ ಆವಿಯಾಗುತ್ತದೆ. ಆ ಆವಿ ಊರಿನ ಗಾಳಿಯನ್ನು ಕೆಡಿಸುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1970ರಿಂದ, ಉಳಿದ ಅಮೆರಿಕದಲ್ಲಿ ಅದರ ಮರುವರ್ಷದಿಂದ ಈ ಆವಿಯನ್ನು ಹಿಡಿದಿಡಬೇಕೆಂಬ ನಿಯಮ ಬಂತು. ಕ್ರಮೇಣ ಬೇರೆ ದೇಶಗಳೂ ಅದನ್ನು ಅನುಸರಿಸಿದವು. ಹಾಗಾಗಿ ಪೆಟ್ರೋಲ್ ಟ್ಯಾಂಕಿನ ಉಸಿರು ಇದ್ದಿಲು ತುಂಬಿದ ಡಬ್ಬಿಯ ಮೂಲಕವೇ ಆಡಬೇಕು. ಆವಿಯನ್ನು ಹೊರಗೆ ಬಿಡಬಾರದೆಂದು ಮಾಡಿದ ಏರ್ಪಾಡು ಹೊರಗಿನ ಧೂಳನ್ನೂ ತಕ್ಕಮಟ್ಟಿಗೆ ತಡೆಯಿತು. ಡೀಸೆಲ್ಲಿನ ಕತೆ ಬೇರೆ. ಮಾಮೂಲು ಉಷ್ಣತೆಯಲ್ಲಿ ಅದು ಆವಿಯಾಗುವುದು ತೀರಾ ಕಡಿಮೆ. ಹಿಡಿದಿಡಬೇಕಾದ ಆವಿಯೇ ಇಲ್ಲವೆಂದ ಮೇಲೆ ಇದ್ದಿಲಿನ ಡಬ್ಬಿಯ ಖರ್ಚೇಕೆ ಎಂದು ತಯಾರಕರು ಬಿಟ್ಟರು. ಡೀಸೆಲ್ ಟ್ಯಾಂಕಿನ ಬಾಯಿ ತೆರೆದೇ ಉಳಿದದ್ದು ಹೀಗೆ. ಅದು ಯಾರದೋ ನಿರ್ಲಕ್ಷ್ಯದಿಂದಾದದ್ದಲ್ಲ. ಟ್ಯಾಂಕಿನಿಂದ ಹೊರಗೆ ಹೋಗುವುದರ ಬಗ್ಗೆ ಕಾನೂನು ಯೋಚಿಸಿತು, ಒಳಗೆ ಬರುವುದರ ಬಗ್ಗೆ ಯೋಚಿಸಲು ಅದಕ್ಕೆ ಕಾರಣವಿರಲಿಲ್ಲ.

ಬಹಳ ವರ್ಷ ಇದರಿಂದ ದೊಡ್ಡ ತೊಂದರೆಯೂ ಆಗಲಿಲ್ಲ. ಹಳೆಯ ಪಂಪುಗಳು ಒರಟು ಜೀವಗಳು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಾರ್ಖಾನೆಯ ಹೆಸರನ್ನು ನಮ್ಮ ಡೀಸೆಲ್ ಮೆಕ್ಯಾನಿಕ್‌ಗಳು ಪಂಪಿಗೇ ಪರ್ಯಾಯವೆಂಬಂತೆ ಬಳಸುತ್ತಿದ್ದ ಕಾಲದಲ್ಲಿ, ನಾಜಲ್ ತೆರೆದುಕೊಳ್ಳುತ್ತಿದ್ದದ್ದು ಸುಮಾರು 200 ಬಾರ್ ಒತ್ತಡಕ್ಕೆ. ಸವೆದ ನಾಜಲ್ ಹೊಗೆ ಕಾರುತ್ತಿತ್ತು. ಬಿಚ್ಚಿ, ಉಜ್ಜಿ, ಬೆಂಚಿನ ಮೇಲೆ ಪರೀಕ್ಷಿಸಿ ಮತ್ತೆ ಕೂರಿಸಿದರೆ ಗಾಡಿ ಓಡುತ್ತಿತ್ತು. 1997ರಲ್ಲಿ ಮೊದಲ ಬಾರಿಗೆ ಕಾರಿನಲ್ಲಿ ಮಾರಾಟಕ್ಕೆ ಬಂದ ಕಾಮನ್ ರೈಲ್ ಪದ್ಧತಿ ಈ ಲೆಕ್ಕವನ್ನೆಲ್ಲ ಬದಲಿಸಿತು. ಇಂದಿನ ಪಿಕಪ್‌ಗಳಲ್ಲಿ ರೈಲಿನೊಳಗಿನ ಒತ್ತಡ 2000 ಬಾರ್ ಆಸುಪಾಸಿನದು. ಇಂಜೆಕ್ಟರಿನೊಳಗೆ ಜಾರಾಡುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ ಹೋಲಿಕೆ ಸಿಗುತ್ತದೆ. ಅಂಥ ಪಂಪಿಗೆ ಬೇರೆ ಆಯಿಲ್ ಇಲ್ಲ. ಅದರ ಕೀಲುಗಳಿಗೆ ಜಾರುವ ಗುಣ ಕೊಡುವುದೂ ಅದೇ ಡೀಸೆಲ್. ರಸ್ತೆ ಧೂಳಿನಲ್ಲಿ ಧಾರಾಳವಾಗಿರುವ ಬೆಣಚು ಸಾಮಾನ್ಯ ಉಕ್ಕಿಗಿಂತ ಗಡಸು. ಹಾಗಾಗಿ ಧೂಳು ಸೇರಿದ ಡೀಸೆಲ್ ಎಂದರೆ ಮರಳುಕಾಗದದ ಪುಡಿ ಕಲಸಿದ ಎಣ್ಣೆ. ಒಂದು ಕಡೆ ಸವೆತ ಶುರುವಾಗಿ ಲೋಹದ ಹುಡಿ ಉದುರತೊಡಗಿದರೆ ಪಂಪಿನಿಂದ ನಾಜಲಿನವರೆಗೆ ಇಡೀ ಸಾಲನ್ನೇ ಬದಲಿಸಬೇಕಾಗುತ್ತದೆ.

ಆದರೂ ಹೆದರುವ ಮೊದಲು ಲೆಕ್ಕ ಮಾಡುವುದು ಒಳ್ಳೆಯದು. ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈಲಕ್ಸಿನಂತೆ 80 ಲೀಟರ್ ಟ್ಯಾಂಕಿರುವ ಒಂದು ಪಿಕಪ್ ವರ್ಷಕ್ಕೆ 30,000 ಕಿ.ಮೀ. ಓಡುತ್ತದೆ, ಲೀಟರಿಗೆ 12 ಕಿ.ಮೀ. ಕೊಡುತ್ತದೆ ಎಂದುಕೊಳ್ಳೋಣ. ಅದು ಸುಡುವ ಡೀಸೆಲ್ 2500 ಲೀಟರ್. ತೂಕದಲ್ಲಿ ಸುಮಾರು 2100 ಕಿಲೋ. ಅಷ್ಟೇ ಗಾಳಿ, ಅಂದರೆ ಎರಡೂವರೆ ಘನ ಮೀಟರ್, ಬ್ರೀದರ್ ಪೈಪಿನ ಮೂಲಕ ಒಳಗೆ ಬರುತ್ತದೆ. ಕಣ್ಣು ಬಿಡಲಾಗದಷ್ಟು ಕೆಂಧೂಳು ಎದ್ದಿರುವ ದಾರಿಯಲ್ಲೇ ಆ ಗಾಡಿ ವರ್ಷವಿಡೀ ಓಡಿತು, ಪ್ರತಿ ಘನ ಮೀಟರ್ ಗಾಳಿಯಲ್ಲಿ ಒಂದು ಗ್ರಾಂ ಧೂಳಿತ್ತು ಎಂಬ ಅತಿರೇಕದ ಊಹೆಯನ್ನೇ ಮಾಡಿದರೂ ಟ್ಯಾಂಕಿಗೆ ಸೇರುವುದು ಎರಡೂವರೆ ಗ್ರಾಂ. ಇನ್ನೊಂದು ಕಡೆ, ಯುರೋಪಿನ ಇಎನ್ 590 ಮಾನಕದ ಪ್ರಕಾರ ಒಂದು ಕಿಲೋ ಡೀಸೆಲ್ಲಿನಲ್ಲಿ 24 ಮಿಲಿಗ್ರಾಂವರೆಗೆ ಕಲ್ಮಶ ಇರಬಹುದು. 2100 ಕಿಲೋಗೆ ಅದು 50 ಗ್ರಾಂ. ಅಂದರೆ ಬಂಕಿನಿಂದ ಕಾನೂನುಬದ್ಧವಾಗಿಯೇ ಬರಬಹುದಾದ ಕಸದ ಇಪ್ಪತ್ತನೇ ಒಂದು ಪಾಲನ್ನು ಮಾತ್ರ ಬ್ರೀದರ್ ಪೈಪು ತರುತ್ತದೆ. ತಕ್ಕಡಿಯಲ್ಲಿ ತೂಗಿದರೆ ಅದು ಹೆಚ್ಚುಕಡಿಮೆ ನಿರಪರಾಧಿ.

ತಕ್ಕಡಿಯ ಮಾತನ್ನೇ ಕೊನೆಯ ಮಾತು ಎಂದುಕೊಳ್ಳುವ ಹಾಗಿಲ್ಲ. ಇಂಜೆಕ್ಟರನ್ನು ಸವೆಸುವ ವಿಷಯದಲ್ಲಿ ಕಸದ ತೂಕಕ್ಕಿಂತ ಕಣಗಳ ಸಂಖ್ಯೆ ಮತ್ತು ಗಡಸುತನ ಹೆಚ್ಚು ಮುಖ್ಯ. ಬಂಕಿನ ಎಣ್ಣೆಯಲ್ಲಿರುವ ಕಸದಲ್ಲಿ ಅಂಟು, ತುಕ್ಕು, ಮೆತ್ತನೆಯ ಜೈವಿಕ ಪದಾರ್ಥ ಎಲ್ಲ ಸೇರಿರುತ್ತವೆ. ರಸ್ತೆಯಿಂದ ಬರುವುದು ಬಹುಮಟ್ಟಿಗೆ ಕಲ್ಲಿನ ಹುಡಿ. ಜಗತ್ತಿನ ವಾಹನ ತಯಾರಕರ ಸಂಘಟನೆಗಳು ಸೇರಿ ಹೊರತಂದಿರುವ ಜಾಗತಿಕ ಇಂಧನ ಸನ್ನದು ಡೀಸೆಲ್ಲಿಗೆ ಸೂಚಿಸುವ ಶುದ್ಧತೆ ಐಎಸ್‌ಒ 4406 ಎಣಿಕೆಯಲ್ಲಿ 18/16/13. ಬಿಡಿಸಿ ಹೇಳಿದರೆ, ಒಂದು ಮಿಲಿಲೀಟರಿನಲ್ಲಿ 6 ಮೈಕ್ರಾನಿಗಿಂತ ದೊಡ್ಡ ಕಣಗಳು 640ಕ್ಕಿಂತ ಹೆಚ್ಚಿರಬಾರದು, 14 ಮೈಕ್ರಾನಿಗಿಂತ ದೊಡ್ಡವು 80ನ್ನು ಮೀರಬಾರದು. ಈಗ 10 ಮೈಕ್ರಾನ್ ಗಾತ್ರದ ಬೆಣಚು ಕಣಗಳನ್ನು ಎಣಿಸಿದರೆ ಒಂದು ಗ್ರಾಮಿನಲ್ಲಿ ಸುಮಾರು 70 ಕೋಟಿ ಸಿಗುತ್ತವೆ. ಒಂದು ಗ್ರಾಂ ಹುಡಿ 80 ಲೀಟರ್ ಡೀಸೆಲ್ಲಿನಲ್ಲಿ ಕದಡಿದರೆ ಪ್ರತಿ ಮಿಲಿಲೀಟರಿಗೆ ಸುಮಾರು 9000 ಕಣ. ಮಿತಿಯ ಹತ್ತಕ್ಕೂ ಹೆಚ್ಚು ಪಟ್ಟು. ಮೇಲಿನ ಅತಿರೇಕದ ಊಹೆಯಲ್ಲಿ ವರ್ಷವಿಡೀ ಹರಡಿ ಬರುವ ಎರಡೂವರೆ ಗ್ರಾಂ ಕೂಡ ಪ್ರತಿ ಮಿಲಿಲೀಟರಿಗೆ 700ರಷ್ಟಾಗಿ ಮಿತಿಯ ಅಂಚನ್ನು ದಾಟುತ್ತದೆ. ಆದ್ದರಿಂದ ತೀರ್ಪು ಎರಡು ಬಗೆ. ಡಾಂಬರು ರಸ್ತೆಯ ಗಾಡಿಗೆ ಉಸಿರಿನ ಧೂಳು ಚಿಂತೆಯ ವಿಷಯವಲ್ಲ. ಸಂಡೂರಿನ ಅದಿರು ದಾರಿಯಲ್ಲೋ ಜಲ್ಲಿ ಕ್ರಷರಿನ ಅಂಗಳದಲ್ಲೋ ದಿನವಿಡೀ ದುಡಿಯುವ ಗಾಡಿಗೆ ಅದನ್ನು ಅಲಕ್ಷಿಸುವಂತಿಲ್ಲ.

ಇಷ್ಟೆಲ್ಲ ಲೆಕ್ಕವೂ ಪೈಪು ಬರಿಯ ಗಾಳಿಯನ್ನು ಎಳೆಯುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅದರ ಬಾಯಿ ಧೂಳು ಗುಡ್ಡೆಯಾಗುವ ಜಾಗದಲ್ಲಿದ್ದರೆ ಲೆಕ್ಕವೇ ಮುರಿದುಬೀಳುತ್ತದೆ. ಚಾಸಿಯ ಉಕ್ಕಿನ ತೊಲೆಯ ಒಳಮೈ, ಟ್ಯಾಂಕಿನ ನೆತ್ತಿಯ ಮೇಲಿನ ಸಂದು, ಹಿಂದಿನ ಚಕ್ರ ಕೆಸರೆರಚುವ ಮೂಲೆ ಇವೆಲ್ಲ ಹಿಟ್ಟಿನಂಥ ಹುಡಿ ಕೂರುವ ತಾಣಗಳು. ಅಲ್ಲಿ ತೆರೆದುಕೊಂಡ ಪೈಪಿನ ಬಾಯಿಗೆ ಧೂಳು ತೇಲಿ ಬರಬೇಕಾಗಿಲ್ಲ, ಸುತ್ತಲೂ ರಾಶಿ ಬಿದ್ದಿರುತ್ತದೆ. ಗಾಡಿ ಕುಲುಕಿದಾಗ, ಡೀಸೆಲ್ ಅಲುಗಾಡಿ ಒಳಗಿನ ಒತ್ತಡ ಏರಿಳಿದಾಗ ಅಷ್ಟಷ್ಟಾಗಿ ಒಳಗೆ ಸರಿಯುತ್ತದೆ. ಮೇಲಿನ ಲೆಕ್ಕದ ಎರಡು ವರ್ಷದ ಧೂಳು ಒಂದು ಚಹಾ ಚಮಚದಷ್ಟು ಮಣ್ಣಿಗೆ ಸಮ. ಅಷ್ಟನ್ನು ಒಂದು ವಾಟರ್ ಸರ್ವಿಸ್ ಒಂದೇ ದಿನದಲ್ಲಿ ಒಳಗೆ ತಳ್ಳಬಲ್ಲದು. ಜೋರು ನೀರಿನ ಗನ್ನನ್ನು ಚಾಸಿಯ ಕೆಳಗೆ ಹಿಡಿದು ಟ್ಯಾಂಕಿನ ನೆತ್ತಿಗೆ ಹೊಡೆದಾಗ ಅಲ್ಲಿನ ಕೆಸರು ಎಲ್ಲಿ ದಾರಿ ಸಿಕ್ಕರೆ ಅಲ್ಲಿ ಹೋಗುತ್ತದೆ. ಹಾಗಾಗಿ ಬ್ರೀದರ್ ಪೈಪಿನ ಅಪಾಯ ಗಾಳಿಯ ಧೂಳಿನ ಪ್ರಮಾಣಕ್ಕಿಂತಲೂ ಬಾಯಿಯ ನೆಲೆಯನ್ನು ಹೆಚ್ಚು ಅವಲಂಬಿಸಿದೆ.

ನೀರಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಇಂಜೆಕ್ಟರಿನಿಂದ ಟ್ಯಾಂಕಿಗೆ ಮರಳುವ ಡೀಸೆಲ್ ಬಿಸಿಯಾಗಿರುತ್ತದೆ. ಬೇಸಿಗೆಯಲ್ಲಿ ದೂರ ಓಡಿದ ಗಾಡಿಯ ಟ್ಯಾಂಕು 50 ಡಿಗ್ರಿ ಮುಟ್ಟುವುದು ಅಚ್ಚರಿಯಲ್ಲ. ಅಂಥ ಟ್ಯಾಂಕಿನಲ್ಲಿ 20 ಲೀಟರ್ ಎಣ್ಣೆ, 60 ಲೀಟರ್ ಗಾಳಿ ಇದ್ದಾಗ ಗಾಡಿ 25 ಡಿಗ್ರಿಯ ಹಳ್ಳಕ್ಕಿಳಿಯಿತು ಎನ್ನಿ. ಒಳಗಿನ ಗಾಳಿ ಪೂರ್ತಿ ತಣಿದರೆ ಅದು ಕುಗ್ಗುವುದು ಸುಮಾರು ನಾಲ್ಕೂವರೆ ಲೀಟರ್. ಆ ಹೊತ್ತಿಗೆ ಪೈಪಿನ ಬಾಯಿ ನೀರಿನಲ್ಲಿ ಮುಳುಗಿದ್ದರೆ ಗಾಳಿಯ ಬದಲು ನೀರೇ ಮೇಲೇರುತ್ತದೆ. ಹಾಗೆ ಹುಟ್ಟುವ ನಿರ್ವಾತ ನೀರನ್ನು ಮುಕ್ಕಾಲು ಮೀಟರ್ ಎತ್ತರಕ್ಕೆ ಎಳೆಯಬಲ್ಲದು. ಪ್ಲಾಸ್ಟಿಕ್ ಟ್ಯಾಂಕು ನಿಧಾನವಾಗಿ ತಣಿಯುತ್ತದೆ, ಹಳ್ಳದಲ್ಲಿ ಗಾಡಿ ನಿಲ್ಲುವುದು ಕೆಲವೇ ನಿಮಿಷ ಎಂದು ಹತ್ತನೇ ಒಂದು ಪಾಲನ್ನಷ್ಟೇ ಹಿಡಿದರೂ ಹತ್ತಿರ ಹತ್ತಿರ ಅರ್ಧ ಲೀಟರ್ ನೀರಾಯಿತು. ಫಿಲ್ಟರಿನ ಕೆಳಗಿನ ನೀರು ಬಟ್ಟಲಿನಲ್ಲಿ ಅಷ್ಟು ಹಿಡಿಸುವುದಿಲ್ಲ. ಹೈಲಕ್ಸ್ 700 ಮಿ.ಮೀ. ಆಳದ ನೀರು ದಾಟಬಲ್ಲದು ಎಂದು ತಯಾರಕರು ಹೇಳುವಾಗ ಅದು ಮುಖ್ಯವಾಗಿ ಎಂಜಿನ್ ಗಾಳಿ ಎಳೆಯುವ ಎತ್ತರಕ್ಕೆ ಸಂಬಂಧಿಸಿದ ಮಾತು. ಟ್ಯಾಂಕು, ಗೇರ್‌ಬಾಕ್ಸು, ಆಕ್ಸಲ್ಲುಗಳ ಬ್ರೀದರ್ ಬಾಯಿಗಳೂ ಆ ಎತ್ತರದ ಮೇಲಿವೆಯೇ ಎಂಬುದನ್ನು ಗಾಡಿಯ ಕೆಳಗೆ ಬಗ್ಗಿಯೇ ನೋಡಬೇಕು.

ಇಲ್ಲೇ ಒಂದು ಜನಪ್ರಿಯ ನಂಬಿಕೆಯನ್ನೂ ಪರೀಕ್ಷಿಸಬಹುದು. ರಾತ್ರಿಯ ತಂಪಿಗೆ ಟ್ಯಾಂಕಿನೊಳಗಿನ ತೇವ ಹನಿಗಟ್ಟಿ ನೀರಾಗುತ್ತದೆ, ಆದ್ದರಿಂದ ಸದಾ ಟ್ಯಾಂಕ್ ತುಂಬಿಸಿಡಿ ಎಂಬ ಬುದ್ಧಿವಾದ ಎಲ್ಲೆಡೆ ಕೇಳುತ್ತದೆ. 30 ಡಿಗ್ರಿಯಲ್ಲಿ ತೇವದಿಂದ ತುಂಬಿತುಳುಕುವ ಗಾಳಿಯಲ್ಲೂ ಒಂದು ಘನ ಮೀಟರಿಗೆ ಇರುವ ನೀರು ಸುಮಾರು 30 ಗ್ರಾಂ. 20 ಡಿಗ್ರಿಗೆ ಇಳಿದರೆ 17 ಗ್ರಾಂ ಉಳಿಯುತ್ತದೆ. 60 ಲೀಟರ್ ಗಾಳಿ ಹಾಗೆ ತಣಿದರೆ ಬೀಳುವುದು ಒಂದು ಗ್ರಾಮಿಗೂ ಕಡಿಮೆ. ಮರುದಿನ ಹೊಸದಾಗಿ ಒಳಬರುವುದು ಎರಡು ಲೀಟರ್ ಗಾಳಿ ಮಾತ್ರ. ಅದರ ತೇವ ಎಣಿಕೆಗೆ ಸಿಗುವಂಥದ್ದಲ್ಲ. ವರ್ಷಕ್ಕೆ ಉಸಿರಾಡುವ 2500 ಲೀಟರ್ ಗಾಳಿಯ ತೇವವೆಲ್ಲ ನೀರಾದರೂ 75 ಗ್ರಾಂ. ಒಂದು ಕಿಲೋ ಡೀಸೆಲ್ಲಿನಲ್ಲಿ 200 ಮಿಲಿಗ್ರಾಂ ನೀರಿರಲು ಮಾನಕವೇ ಒಪ್ಪುತ್ತದೆ; ಆ ಲೆಕ್ಕದಲ್ಲಿ ಬಂಕಿನಿಂದ ಬರಬಹುದಾದದ್ದು 400 ಗ್ರಾಮಿಗೂ ಹೆಚ್ಚು. ತಿಂಗಳುಗಟ್ಟಲೆ ನಿಲ್ಲುವ ಗಾಡಿಗಳಿಗೆ, ನೀರನ್ನು ಹೆಚ್ಚು ಹೀರುವ ಜೈವಿಕ ಡೀಸೆಲ್ ಬೆರೆತ ಎಣ್ಣೆಗೆ ತುಂಬಿದ ಟ್ಯಾಂಕಿನ ಸಲಹೆ ಸರಿಯೇ. ನೀರು ಮತ್ತು ಎಣ್ಣೆ ಕೂಡುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಗಟ್ಟುವುದು ಅಂಥಲ್ಲೇ. ದಿನಾ ಓಡುವ ಪಿಕಪ್ಪಿಗೆ ಇಬ್ಬನಿಗಿಂತ ಹಳ್ಳವೂ ವಾಟರ್ ಸರ್ವಿಸ್ಸೂ ದೊಡ್ಡ ಶತ್ರು.

ಹೀಗಿರುವಾಗ ಮೊದಲ ಪರಿಹಾರ ತಾನಾಗಿಯೇ ಕಾಣುತ್ತದೆ: ಬಾಯಿಯನ್ನು ಎತ್ತಬೇಕು. ಡೀಸೆಲ್ಲಿಗೆ ತಾಳುವ ರಬ್ಬರ್ ನಳಿಗೆಯನ್ನು ಜೋಡಿಸಿ, ಎಣ್ಣೆ ಹಾಕುವ ಮುಚ್ಚಳಕ್ಕಿಂತ ಮೇಲಕ್ಕೆ ಒಯ್ದು, ಹಿಂದಿನ ಡಬ್ಬದ ಗೋಡೆಯ ಒಳಮಗ್ಗುಲಿನಂಥ ಮರೆಯ ಜಾಗದಲ್ಲಿ ಕೊಕ್ಕರೆಯ ಕತ್ತಿನಂತೆ ಬಗ್ಗಿಸಿ ಬಾಯಿ ಕೆಳಮುಖವಾಗುವಂತೆ ಕಟ್ಟಿದರೆ ಧೂಳಿನ ರಾಶಿ, ಕೆಸರಿನ ಎರಚು, ಹಳ್ಳದ ನೀರು ಮೂರೂ ಬಹುಪಾಲು ದೂರವಾಗುತ್ತವೆ. ಇದಕ್ಕೆ ಖರ್ಚು ಅಲ್ಪ, ಬದಲಿಸಬೇಕಾದ ಬಿಡಿಭಾಗವೂ ಇಲ್ಲ. ಎಚ್ಚರ ಬೇಕಾದದ್ದು ಎರಡು ಕಡೆ. ನಳಿಗೆ ಎಲ್ಲೂ ಜೋಲಿಯಂತೆ ಇಳಿಬೀಳಬಾರದು. ಆ ತಗ್ಗಿನಲ್ಲಿ ಚಿಮ್ಮಿದ ಡೀಸೆಲ್ ನಿಂತರೆ ಟ್ಯಾಂಕು ಪ್ರತಿ ಉಸಿರಿಗೂ ಆ ಗುಟುಕನ್ನು ದಾಟಬೇಕು. ಗಾಡಿ ಮಗುಚಿದಾಗ ಎಣ್ಣೆ ಸುರಿಯದಂತೆ ಟ್ಯಾಂಕಿನ ನೆತ್ತಿಯಲ್ಲಿ ಒಂದು ಕವಾಟ ಇರುತ್ತದೆ; ಗಾಳಿ ಸಲೀಸಾಗಿ ಹೋಗಲಿ ಎಂದು ಅದನ್ನು ಕಿತ್ತುಹಾಕುವುದು ಅಪಘಾತವನ್ನು ಬೆಂಕಿಯ ಕಡೆಗೆ ತಳ್ಳಿದಂತೆ. ಪೈಪು ಎಷ್ಟೇ ಉದ್ದವಾಗಲಿ, ಆ ಕವಾಟದ ನಂತರವೇ ಜೋಡಣೆಯಾಗಬೇಕು.

ಎರಡನೆಯ ಪರಿಹಾರ ಬಾಯಿಗೆ ಫಿಲ್ಟರ್. ಅಮೆರಿಕದ ಡೀಸೆಲ್ ಪಿಕಪ್‌ಗಳಿಗೆ ಇಂಥ ಕಿಟ್‌ಗಳು ಸಿಗುತ್ತವೆ. ಗಣಿಗಳ ದೊಡ್ಡ ಯಂತ್ರಗಳಲ್ಲಿ, ಎಣ್ಣೆ ಶೇಖರಿಸುವ ತೊಟ್ಟಿಗಳಲ್ಲಿ ತೇವವನ್ನೂ ಹೀರುವ ಸಿಲಿಕಾ ಹರಳಿನ ಬ್ರೀದರ್‌ಗಳು ಬಹುಕಾಲದಿಂದ ರೂಢಿಯಲ್ಲಿವೆ. ಪಿಕಪ್ಪಿನಲ್ಲಿ ಇದನ್ನು ಹಾಕುವವರು ಸಾಮಾನ್ಯವಾಗಿ ಎಡವುವುದು ಗಾತ್ರದ ಲೆಕ್ಕದಲ್ಲಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವಾಗ ಟ್ಯಾಂಕು ಎಳೆಯುವ ಗಾಳಿ ನಿಮಿಷಕ್ಕೆ 100 ಮಿಲಿಲೀಟರಿಗೂ ಕಡಿಮೆ. ಆದರೆ ಬಂಕಿನಲ್ಲಿ ನಿಮಿಷಕ್ಕೆ 40 ಲೀಟರ್ ಎಣ್ಣೆ ಬೀಳುವಾಗ ಅಷ್ಟೇ ಗಾಳಿ ಹೊರಹೋಗಬೇಕು. ಅದು 400 ಪಟ್ಟು ಹೆಚ್ಚು. ಎಷ್ಟೋ ಗಾಡಿಗಳಲ್ಲಿ ಈ ಗಾಳಿಯ ಬಹುಭಾಗ ಎಣ್ಣೆ ಹಾಕುವ ಕೊರಳಿನಿಂದಲೇ ಹೊರಡುತ್ತದೆ. ಹಾಗಲ್ಲದ ಗಾಡಿಯಲ್ಲಿ ಚಿಕ್ಕ ಫಿಲ್ಟರ್ ಹಾಕಿದರೆ ಬಂಕಿನ ನಾಜಲ್ ಪದೇ ಪದೇ ಕಟ್ಟಾಗುತ್ತದೆ, ನೊರೆ ಉಕ್ಕುತ್ತದೆ. ಇನ್ನೂ ಕೆಟ್ಟದ್ದು, ನೊರೆಯ ಡೀಸೆಲ್ಲಿನಿಂದ ನೆನೆದ ಫಿಲ್ಟರಿಗೆ ಧೂಳು ಅಂಟಿದರೆ ಅದು ಗಾರೆಯಂತೆ ಗಟ್ಟಿಯಾಗುತ್ತದೆ. ಆಗ ಟ್ಯಾಂಕು ಉಸಿರುಗಟ್ಟುತ್ತದೆ: ಗಾಡಿಗೆ ಎಳೆತ ಇರುವುದಿಲ್ಲ, ಮುಚ್ಚಳ ತೆರೆದರೆ ಬುಸ್ಸೆಂದು ಗಾಳಿ ಒಳನುಗ್ಗುತ್ತದೆ, ಸ್ವಲ್ಪ ಹೊತ್ತು ಗಾಡಿ ಸರಿಯಾಗಿ ಓಡಿ ಮತ್ತೆ ಸೋಲುತ್ತದೆ. ಟ್ಯಾಂಕಿನೊಳಗೆ ವಿದ್ಯುತ್ ಪಂಪಿಲ್ಲದೆ ಎಂಜಿನ್ ಬದಿಯಿಂದ ಎಳೆದುಕೊಳ್ಳುವ ಗಾಡಿಗಳಲ್ಲಿ ಇದರ ಪರಿಣಾಮ ಬೇಗ ಕಾಣುತ್ತದೆ. ಹಾಗಾಗಿ ಕೆಳಗಿನ ಕೆಸರಿನಲ್ಲೇ ಬಾಯಿಯನ್ನು ಬಿಟ್ಟು ಅದಕ್ಕೆ ಫಿಲ್ಟರ್ ತೊಡಿಸುವುದು ರೋಗಕ್ಕಿಂತ ಮದ್ದೇ ಭಾರ ಎಂಬಂಥ ಕೆಲಸ. ಮೇಲಕ್ಕೆತ್ತಿದ ಬಾಯಿಗೆ, ಅದೂ ಗಣಿ-ಕ್ವಾರಿಯ ಗಾಡಿಗೆ, ಅಗಲವಾದ ಫಿಲ್ಟರ್ ಹಾಕಿ ಡೀಸೆಲ್ ಫಿಲ್ಟರಿನ ಜೊತೆಗೇ ಬದಲಿಸುವುದಾದರೆ ಅದಕ್ಕೆ ಅರ್ಥವಿದೆ.

ಈ ವಾದಕ್ಕೆ ಮೂರು ಆಕ್ಷೇಪಗಳು ಏಳುತ್ತವೆ. ಬಂಕಿನ ಎಣ್ಣೆಯೇ ಹೆಚ್ಚು ಕೊಳೆ ತರುವಾಗ ಪೈಪಿನ ಗೊಡವೆ ಏಕೆ ಎಂಬುದು ಒಂದು. ಲೆಕ್ಕ ಈ ಆಕ್ಷೇಪದ ಪರವಾಗಿಯೇ ಇದೆ. ಆದರೆ ಬಂಕಿನ ತೊಟ್ಟಿ ಗಾಡಿ ಮಾಲೀಕನ ಕೈಯಲ್ಲಿಲ್ಲ, ತನ್ನ ಗಾಡಿಯ ಪೈಪು ಇದೆ. ಎಣ್ಣೆಯಲ್ಲಿ ಕೊಳೆ ತಪ್ಪದು ಎನ್ನುವುದಾದರೆ ಫಿಲ್ಟರಿನ ಶಕ್ತಿಯನ್ನು ಅದಕ್ಕಾಗಿ ಉಳಿಸಿಡಬೇಕಲ್ಲದೆ ಚಾಸಿಯ ಮಣ್ಣಿಗೆ ಖರ್ಚು ಮಾಡಿಸಬಾರದು. ಫಿಲ್ಟರ್ ಇರುವುದೇ ಇದಕ್ಕಲ್ಲವೇ ಎಂಬ ಎರಡನೆಯ ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ. ಡೀಸೆಲ್ ಫಿಲ್ಟರ್ ಕೊನೆಯ ಕಾವಲುಗಾರ. ಅದರ ಹಿಂದೆ ಮತ್ತೊಬ್ಬನಿಲ್ಲ. ಅದು ಸಾಮಾನ್ಯ ಕಸವನ್ನು ಹಿಡಿಯುತ್ತದೆ, ಅರ್ಧ ಲೀಟರ್ ನೀರು ಒಮ್ಮೆಗೇ ಬಂದರೆ ಕೈಚೆಲ್ಲುತ್ತದೆ. ಬೇಕಿದ್ದರೆ ಕಂಪನಿಯವರೇ ಹಾಕುತ್ತಿರಲಿಲ್ಲವೇ ಎಂಬುದು ಮೂರನೆಯದು. ಕಂಪನಿ ಒಂದೇ ಗಾಡಿಯನ್ನು ಮೈಸೂರು ರಸ್ತೆಯ ವ್ಯಾಪಾರಿಗೂ ಕ್ರಷರ್ ಮಾಲೀಕನಿಗೂ ಮಾರುತ್ತದೆ. ಹೆಚ್ಚಿನವರಿಗೆ ಸಾಕಾಗುವಂತೆ ಅದರ ವಿನ್ಯಾಸ. ಧೂಳಿನ ಊರಿನಲ್ಲಿ ಏರ್ ಫಿಲ್ಟರನ್ನು ಬೇಗ ಬದಲಿಸಬೇಕೆಂದು ಅದೇ ಕಂಪನಿಗಳ ಕೈಪಿಡಿಗಳು ಹೇಳುತ್ತವೆ, ಅಂದರೆ ದುಡಿಮೆಯ ಜಾಗ ನೋಡಿ ಆರೈಕೆ ಬದಲಾಗಬೇಕೆಂಬುದನ್ನು ಅವರೂ ಒಪ್ಪಿದ್ದಾರೆ. ವಾರಂಟಿಯಲ್ಲಿರುವ ಗಾಡಿಯ ಪೈಪನ್ನು ಮುಟ್ಟುವ ಮೊದಲು ಸರ್ವಿಸ್ ಸೆಂಟರಿನಿಂದ ಲಿಖಿತ ಒಪ್ಪಿಗೆ ಪಡೆಯುವುದು ಜಾಣತನ ಎಂಬಷ್ಟನ್ನು ಈ ಆಕ್ಷೇಪಕ್ಕೆ ಬಿಟ್ಟುಕೊಡಬಹುದು.

ಎಲ್ಲವನ್ನೂ ಕೂಡಿಸಿದರೆ ಕೆಲಸದ ಕ್ರಮ ಹೀಗೆ ಮೂಡುತ್ತದೆ. ಮೊದಲು ಪೈಪಿನ ಬಾಯಿ ಎಲ್ಲಿದೆ ಎಂದು ಹುಡುಕುವುದು. ಎಷ್ಟೋ ಮಾಲೀಕರಿಗೆ ತಮ್ಮ ಗಾಡಿಯಲ್ಲಿ ಅಂಥದ್ದೊಂದು ಇದೆಯೆಂದೇ ಗೊತ್ತಿರುವುದಿಲ್ಲ. ಅದು ಧೂಳು ಕೂರುವ, ನೀರು ಮುಟ್ಟುವ ಜಾಗದಲ್ಲಿದ್ದರೆ ಮೇಲೆತ್ತುವುದು. ವಾಟರ್ ಸರ್ವಿಸ್ಸಿನವನಿಗೆ ಟ್ಯಾಂಕಿನ ನೆತ್ತಿಗೆ ಗನ್ ಹಿಡಿಯಬೇಡವೆಂದು ಹೇಳುವುದು. ಬಿಸಿ ಗಾಡಿಯನ್ನು ಹಳ್ಳಕ್ಕಿಳಿಸುವ ಮೊದಲು ಸ್ವಲ್ಪ ಹೊತ್ತು ತಣಿಯಲು ಬಿಡುವುದು. ಮುಚ್ಚಳ ಕಳೆದುಹೋದರೆ ಪ್ಲಾಸ್ಟಿಕ್ ಕವರೋ ಬಟ್ಟೆಯೋ ತುರುಕದೆ, ಅದೇ ಗಾಡಿಯ ಮುಚ್ಚಳವನ್ನೇ ತರುವುದು. ಕೆಲವು ಗಾಡಿಗಳಲ್ಲಿ ಮುಚ್ಚಳದೊಳಗೂ ಗಾಳಿಯ ಕವಾಟವಿರುತ್ತದೆ. ಇಷ್ಟಾದ ಮೇಲೂ ಡೀಸೆಲ್ ಫಿಲ್ಟರ್ ಅವಧಿಗೆ ಮುಂಚೆಯೇ ಕಟ್ಟಿಕೊಳ್ಳುತ್ತಿದ್ದು, ಬಿಚ್ಚಿ ನೋಡಿದಾಗ ಒಳಗೆ ರಸ್ತೆಯದೇ ಬಣ್ಣದ ಹುಡಿ ಸಿಕ್ಕರೆ, ಆಗ ಪೈಪಿಗೆ ಫಿಲ್ಟರ್ ಹಾಕುವ ಮಾತು. ಹುಡಿ ಕಪ್ಪಗೆ ಅಂಟಂಟಾಗಿದ್ದರೆ ಅದರ ಊರು ಬೇರೆ. ಬಂಕನ್ನು ಬದಲಿಸುವುದು ಮೇಲು. ಯಾವ ಖರ್ಚು ಬೇಕು, ಯಾವುದು ಬೇಡ ಎಂಬುದನ್ನು ಆ ಹಳೆಯ ಫಿಲ್ಟರಿನ ಮಡಿಕೆಗಳೇ ಹೇಳುತ್ತವೆ. ಎಸೆಯುವ ಮೊದಲು ಒಮ್ಮೆ ಬಿಡಿಸಿ ನೋಡಬೇಕು.